ಗಡಿಯಾಚೆಯ ಪ್ರೀತಿಯನ್ನು ಒಂದೇ ಮನೆಗೆ ತರುವುದು ಹೇಗೆ: ಉತ್ತರ ಕನ್ನಡದವರಿಗೆ ಸಮಗ್ರ ಮಾರ್ಗದರ್ಶಿ

ದೂರ ಇರುವವರನ್ನು ಪ್ರೀತಿಸುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಭಟ್ಕಳದಲ್ಲಿ ಗಂಡ ದುಬೈನಲ್ಲಿದ್ದು ಹೆಂಡತಿ ಮಕ್ಕಳು ಊರಲ್ಲಿರುವ ಮನೆಗಳು ಎಷ್ಟೋ. ಕಾರವಾರ, ಅಂಕೋಲಾ ಕಡೆಯ ಹುಡುಗರು ಹಡಗಿನ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಮನೆ ಕಾಣುವುದಿಲ್ಲ. ಆದರೆ ಅಲ್ಲೆಲ್ಲ ಇಬ್ಬರದೂ ಒಂದೇ ಊರು, ಒಂದೇ ಪಾಸ್‌ಪೋರ್ಟು, ಹೆಚ್ಚುಕಡಿಮೆ ಒಂದೇ ಊಟ. ಈಗಿನ ಎಷ್ಟೋ ಜೋಡಿಗಳ ಕತೆ ಬೇರೆ. ಗೋಕರ್ಣದ ಕುಡ್ಲೆ ಬೀಚಿನಲ್ಲಿ ಸಿಕ್ಕಿದ ರಷ್ಯಾದ ಹುಡುಗ, ಆಫೀಸಿನ ಕೆಲಸದಲ್ಲಿ ಪರಿಚಯವಾದ ಇಸ್ರೇಲಿನ ಹುಡುಗಿ, ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಬೆಳೆದವಳು, ಕರಾಚಿಯಲ್ಲಿರುವ ದೂರದ ಸಂಬಂಧಿ. ಇಲ್ಲಿ ಇಬ್ಬರ ನಡುವೆ ಸಮುದ್ರದ ಜೊತೆಗೆ ಸರ್ಕಾರವೂ ನಿಂತಿರುತ್ತದೆ.

ನಾನು ಕಾರವಾರದಲ್ಲಿ ಕಾನೂನು ಕಾಗದಪತ್ರದ ಕೆಲಸ ಮಾಡುವವಳು. ಇಂಥ ಜೋಡಿಗಳು ನನ್ನ ಮೇಜಿನ ಎದುರು ಕೂತು ಮಾತಾಡುತ್ತಾರೆ. ಪ್ರೀತಿ ಸಾಲದೆ ಮುರಿದವರನ್ನು ನಾನು ಕಂಡಿದ್ದು ಕಡಿಮೆ. ಒಂದು ಪ್ರಶ್ನೆಯನ್ನು ಮುಂದೂಡುತ್ತಾ ಹೋಗಿ ಸೋತವರೇ ಜಾಸ್ತಿ. ಅದಕ್ಕೇ ಈ ಬರಹ ಆ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಮೊದಲ ಹೆಜ್ಜೆ: ಎಲ್ಲಿ, ಯಾವಾಗ?

ನೀವಿಬ್ಬರೂ ಒಂದೇ ಮನೆಯಲ್ಲಿ ಬದುಕುವುದು ಎಲ್ಲಿ? ಯಾವಾಗಿನಿಂದ? ಪ್ರೀತಿ ಗಟ್ಟಿ ಅನ್ನಿಸಿದ ಕೂಡಲೇ ಇದನ್ನು ಕೇಳಿ. ಕೇಳಿದರೆ ಎದುರಿನವರಿಗೆ ಬೇಜಾರಾಗಬಹುದು ಅಂತ ಸುಮ್ಮನಿರಬೇಡಿ.

ಉತ್ತರ ಒಂದೇ ಸಲಕ್ಕೆ ಸಿಗುವುದಿಲ್ಲ. ಆದರೂ ಒಂದು ಹಾಳೆ ತೆಗೆದುಕೊಂಡು ಮೂರು ಸಾಧ್ಯತೆ ಬರೆಯಿರಿ: ಇಲ್ಲಿ, ಅಲ್ಲಿ, ಮೂರನೆಯ ದೇಶದಲ್ಲಿ. ಒಂದೊಂದರ ಕೆಳಗೂ ಯಾರು ಏನು ಬಿಡಬೇಕು ಅಂತ ಬರೆಯಿರಿ. ಕೆಲಸವೇ, ಭಾಷೆಯೇ, ವಯಸ್ಸಾದ ಆಯಿಯನ್ನೇ, ತೋಟವನ್ನೇ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಬ್ಬನೇ ಮಗನಿಗೆ ತೋಟ ಅನ್ನುವುದು ಬರೀ ಆಸ್ತಿಯಲ್ಲ. ಅಲ್ಲಿ ಅಡಿಕೆ ಕೊನೆಗೊಯ್ಲಿಗೆ ಜನ ಹುಡುಕುವುದರಿಂದ ಹಿಡಿದು ಮಳೆಗಾಲದ ಔಷಧಿ ಹೊಡೆಸುವವರೆಗೆ ಒಬ್ಬರು ನಿಂತು ನೋಡಬೇಕು. ಮಾಸ್ಕೋದ ಹುಡುಗಿಗೆ ಇದು ತಾನಾಗಿ ಗೊತ್ತಾಗುವುದಿಲ್ಲ. ಹೇಳಬೇಕು. ಅವಳ ಕಡೆಯಿಂದಲೂ ಇಂಥದೇ ಒಂದು ಕಟ್ಟು ಇರುತ್ತದೆ, ಅದನ್ನು ನೀವು ಕೇಳಬೇಕು.

ಆಮೇಲೆ ಒಂದು ತಾರೀಖು ಹಾಕಿ. "ಮುಂದಿನ ವರ್ಷ ನೋಡೋಣ" ಅನ್ನುವುದು ತಾರೀಖಲ್ಲ. "ಬರುವ ಯುಗಾದಿಯೊಳಗೆ ಇಬ್ಬರ ಮನೆಯಲ್ಲೂ ಹೇಳಿರಬೇಕು, ದೀಪಾವಳಿಯೊಳಗೆ ಮದುವೆಯ ಕಾಗದ ಸಿದ್ಧವಾಗಿರಬೇಕು" ಅನ್ನುವುದು ತಾರೀಖು. ಬದಲಾಗಲಿ, ಪರವಾಗಿಲ್ಲ. ಬದಲಾದಾಗ ಇಬ್ಬರೂ ಕೂತು ಹೊಸದನ್ನು ಹಾಕಿ. ಒಬ್ಬರು ಮಾತ್ರ ಪದೇ ಪದೇ ಮುಂದೂಡುತ್ತಿದ್ದರೆ ಅಲ್ಲೇ ನಿಂತು ಕಾರಣ ಕೇಳಿ.

ಎರಡನೆಯ ಹೆಜ್ಜೆ: ಎದುರಿಗಿರುವವರು ಯಾರು?

ಆನ್‌ಲೈನಿನಲ್ಲೇ ಪರಿಚಯ ಆಗಿದ್ದರೆ ಈ ಹೆಜ್ಜೆಯನ್ನು ಬಿಡಲೇಬೇಡಿ. ವೀಡಿಯೊ ಕರೆ ಮಾಡದೆ ನೆಪ ಹೇಳುವವರು, ಭೇಟಿಯಾಗುವ ಮುನ್ನ ದುಡ್ಡು ಕೇಳುವವರು, "ಗಿಫ್ಟ್ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ, ಬಿಡಿಸಲು ಹಣ ಹಾಕಿ" ಅಂತ ಮೂರನೆಯವರಿಂದ ಫೋನ್ ಮಾಡಿಸುವವರು ಪ್ರೀತಿ ಹುಡುಕಿ ಬಂದವರಲ್ಲ. ಕಸ್ಟಮ್ಸ್‌ನವರು ಯಾರದೋ ಖಾಸಗಿ ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ವಾಪಸ್ ಸಿಗುವ ಸಾಧ್ಯತೆ ಕಡಿಮೆ. ನಾಚಿಕೆ ಪಟ್ಟುಕೊಂಡು ಕೂರಬೇಡಿ.

ಕಾರವಾರದವರಿಗೆ ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ ಕದಂಬ ನೌಕಾನೆಲೆ ಇದೆ, ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. 2025ರ ಫೆಬ್ರವರಿಯಲ್ಲಿ ನೌಕಾನೆಲೆಯ ಮಾಹಿತಿ ಹೊರಗೆ ಹೋದ ಪ್ರಕರಣದಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್ಐಎ) ನಮ್ಮ ಜಿಲ್ಲೆಯ ಇಬ್ಬರನ್ನು ಬಂಧಿಸಿತು. ಹೆಣ್ಣಿನ ಸೋಗಿನಲ್ಲಿ ಸ್ನೇಹ ಬೆಳೆಸಿ, ಫೋಟೊ ಮಾಹಿತಿ ತರಿಸಿಕೊಂಡರು ಅನ್ನುವುದು ಅಲ್ಲಿನ ಆರೋಪ. ನಿಮ್ಮ ಗೆಳತಿಗೋ ಗೆಳೆಯನಿಗೋ ನಿಮಗಿಂತ ಹಡಗಿನ ಮೇಲೆ, ಗೇಟಿನ ಮೇಲೆ, ನಿಮ್ಮ ಡ್ಯೂಟಿ ಸಮಯದ ಮೇಲೆ ಆಸಕ್ತಿ ಜಾಸ್ತಿ ಇದ್ದರೆ ಮಾತು ಅಲ್ಲಿಗೇ ನಿಲ್ಲಿಸಿ, ನಿಮ್ಮ ಮೇಲಿನವರಿಗೆ ತಿಳಿಸಿ. ನೌಕಾನೆಲೆಯಲ್ಲಿ ಗುತ್ತಿಗೆ ಕೆಲಸ ಮಾಡುವವರಿಗೂ ಈ ಮಾತು ಅನ್ವಯಿಸುತ್ತದೆ.

ಮೂರನೆಯ ಹೆಜ್ಜೆ: ಮಾತಿಗೆ ಒಂದು ಹೊತ್ತು

ಮಾಸ್ಕೋ ನಮಗಿಂತ ಎರಡೂವರೆ ಗಂಟೆ ಹಿಂದೆ, ವರ್ಷವಿಡೀ ಅಷ್ಟೇ. ಜರ್ಮನಿ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ತಿರುಗಿಸುತ್ತಾರೆ. ಆ ವಾರ "ಹೇಳಿದ ಹೊತ್ತಿಗೆ ಫೋನ್ ಎತ್ತಲಿಲ್ಲ" ಅಂತ ಜಗಳವಾಡುವ ಮುಂಚೆ ಗಡಿಯಾರ ನೋಡಿ.

ದಿನವಿಡೀ ಸಂದೇಶ ಕಳಿಸುವುದಕ್ಕಿಂತ ದಿನಕ್ಕೆ ಒಂದು ನಿಶ್ಚಿತ ಕರೆ ಒಳ್ಳೆಯದು. ವಾರಕ್ಕೊಮ್ಮೆ ಮಾತಿಲ್ಲದೆ ಕೆಲಸ ಹಂಚಿಕೊಳ್ಳಿ. ನೀವು ಅಡಿಕೆ ಸುಲಿಯುತ್ತಾ, ಅವರು ಅಡುಗೆ ಮಾಡುತ್ತಾ ಫೋನ್ ಎದುರಿಗಿಟ್ಟುಕೊಂಡಿರಿ. ಒಬ್ಬರ ದಿನನಿತ್ಯದ ಬದುಕು ಇನ್ನೊಬ್ಬರಿಗೆ ಗೊತ್ತಾಗುವುದು ಹೀಗೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು ಹೋದರೆ ಟವರೂ ಹೋಗುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿತ್ತು. ಇಂಥ ಸುದ್ದಿ ಓದಿ ಅಲ್ಲಿರುವವರು ಗಾಬರಿಯಾಗದಂತೆ, ಫೋನ್ ಸಿಗದಿದ್ದರೆ ಯಾರಿಗೆ ಕರೆ ಮಾಡಬೇಕು ಅಂತ ಒಂದು ಹೆಸರು, ಒಂದು ನಂಬರ್ ಮೊದಲೇ ಕೊಟ್ಟಿರಿ.

ರಷ್ಯಾದಲ್ಲಿ 2025ರ ಆಗಸ್ಟಿನಲ್ಲಿ ವಾಟ್ಸಾಪ್, ಟೆಲಿಗ್ರಾಂ ಕರೆಗಳಿಗೆ ನಿರ್ಬಂಧ ಬಂತು. ಅಲ್ಲಿಗೆ ಮಾತಾಡುವವರು ಎರಡನೆಯ ದಾರಿಯೊಂದನ್ನು ಸಿದ್ಧವಿಟ್ಟುಕೊಂಡಿರಬೇಕು. ಇಮೇಲ್ ಆದರೂ ಸರಿ.

ನಾಲ್ಕನೆಯ ಹೆಜ್ಜೆ: ದೇಶದೇಶಗಳ ಜಗಳ ಮನೆಗೆ ಬಂದಾಗ

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ. 2023ರ ಅಕ್ಟೋಬರಿನಲ್ಲಿ ಗಾಜಾ. 2025ರ ಏಪ್ರಿಲಿನಲ್ಲಿ ಪಹಲ್ಗಾಮ್, ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನದ ನಡುವಿನ ಹೊಡೆದಾಟ. ಇಂಥ ದಿನಗಳಲ್ಲಿ ಎರಡು ದೇಶದ ಜೋಡಿಗೆ ಸುದ್ದಿ ಬರೀ ಸುದ್ದಿಯಾಗಿ ಉಳಿಯುವುದಿಲ್ಲ.

ನನ್ನ ಸಲಹೆ ಸೀದಾ ಇದೆ. ನಿಮ್ಮ ಸಂಗಾತಿಯನ್ನು ಅವರ ಸರ್ಕಾರದ ವಕೀಲರನ್ನಾಗಿ ಮಾಡಬೇಡಿ. "ನಿಮ್ಮವರು ಹೀಗ್ಯಾಕೆ ಮಾಡಿದರು?" ಅನ್ನುವ ಪ್ರಶ್ನೆಗೆ ಯಾವ ಮನುಷ್ಯನೂ ಉತ್ತರ ಕೊಡಲಾರ. "ನಿನ್ನ ಮನೆಯವರು ಕ್ಷೇಮವೇ? ತಮ್ಮನನ್ನು ಸೈನ್ಯಕ್ಕೆ ಕರೆದಿದ್ದಾರಾ? ರಾತ್ರಿ ನಿದ್ದೆ ಬರ್ತಿದೆಯಾ?" ಅಂತ ಕೇಳಿ. ವಾದ ಬೇಕೇ ಬೇಕು ಅನ್ನಿಸಿದರೆ ಇಬ್ಬರೂ ಒಪ್ಪಿ ಒಂದು ಹೊತ್ತು ಇಟ್ಟುಕೊಂಡು ಮಾಡಿ, ಮಲಗುವ ಮುಂಚಿನ ಕರೆಯಲ್ಲಿ ಬೇಡ.

ಹಾಗಂತ ರಾಜಕೀಯವನ್ನು ಮುಟ್ಟದೇ ಬಿಡುವುದನ್ನೂ ನಾನು ಒಪ್ಪುವುದಿಲ್ಲ. ಮದುವೆಯಾದ ಮೇಲೆ "ನಿಮ್ಮ ಧರ್ಮದವರನ್ನು ನಮ್ಮ ಮನೆಯಲ್ಲಿ ಹೀಗೆ ಅಂತಾರೆ" ಅಂತ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗಲಿ. ಮಕ್ಕಳಿಗೆ ಯಾವ ಹೆಸರು, ಯಾವ ದೇವರು? ಗೋಮಾಂಸ, ಹಂದಿಮಾಂಸ ಮನೆಗೆ ಬರಬಹುದಾ? ಅಪ್ಪ ಟಿವಿ ನೋಡುತ್ತಾ ಏನಾದರೂ ಅಂದರೆ ನೀನು ನನ್ನ ಪರವಾಗಿ ಬಾಯಿ ಬಿಡ್ತೀಯಾ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ ನಮ್ಮವರಿಗೆ ಹೊಳೆಯುವುದೇ ಇಲ್ಲ. ನೀವು ಇಲ್ಲಿ ಕೂತು ಬರೆದ ಸಿಟ್ಟಿನ ಮಾತು ಅಲ್ಲಿರುವವರ ಫೋನಿನಲ್ಲಿ ಉಳಿಯುತ್ತದೆ. ರಷ್ಯಾದಲ್ಲಿ 2022ರ ಮಾರ್ಚಿನಲ್ಲಿ ಬಂದ ಕಾನೂನಿನಂತೆ ಸೈನ್ಯದ ಬಗ್ಗೆ "ಸುಳ್ಳು ಸುದ್ದಿ" ಹಬ್ಬಿಸಿದರೆ 15 ವರ್ಷದವರೆಗೂ ಜೈಲಿದೆ. ಅವರ ಹೆಸರು ಹಾಕಿ ಸಾರ್ವಜನಿಕವಾಗಿ ಏನನ್ನೂ ಬರೆಯಬೇಡಿ. ಮನೆಯ ಗುಂಪಿನಲ್ಲಿ ಬಂದ ವೀಡಿಯೊವನ್ನು ಅವರಿಗೆ ದಾಟಿಸಬೇಡಿ.

ಐದನೆಯ ಹೆಜ್ಜೆ: ಮನೆಯಲ್ಲಿ ಹೇಳುವುದು

ಊರಿನ ಬಾಯಿಂದ ತಿಳಿಯುವ ಮುನ್ನ ನಿಮ್ಮ ಬಾಯಿಂದಲೇ ತಿಳಿಯಬೇಕು. ಗೋಕರ್ಣದಲ್ಲೋ ಕುಮಟಾ ಬಸ್ ಸ್ಟ್ಯಾಂಡಿನಲ್ಲೋ ನಿಮ್ಮಿಬ್ಬರನ್ನು ನೋಡಿದವರು ನೀವು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿಸಿರುತ್ತಾರೆ. ಆಗ ತಂದೆತಾಯಿಗೆ ಪ್ರೀತಿಗಿಂತ ಮುಚ್ಚಿಟ್ಟಿದ್ದೇ ದೊಡ್ಡದಾಗಿ ಕಾಣುತ್ತದೆ.

ಯಾರಿಗೆ ಮೊದಲು ಹೇಳಬೇಕು? ನನ್ನ ಪ್ರಕಾರ ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರಿಗಲ್ಲ. ಅವರ ಹತ್ತಿರ ಧೈರ್ಯವಾಗಿ ಮಾತಾಡುವವರಿಗೆ. ಹೆಚ್ಚಿನ ಮನೆಗಳಲ್ಲಿ ಅದು ಒಬ್ಬ ಅತ್ತಿಗೆ, ಸೋದರಮಾವ ಅಥವಾ ಅಜ್ಜಿ. ಅಜ್ಜಿಯರನ್ನು ಕಡೆಗಣಿಸಬೇಡಿ. ಕುಮಟಾ ಕಡೆಯ ಒಂದು ಮನೆಯಲ್ಲಿ ಅಪ್ಪ ವರ್ಷಗಟ್ಟಲೆ ಮಾತು ಬಿಟ್ಟಿದ್ದಾಗ, ಹೊರದೇಶದ ಹುಡುಗನ ಜೊತೆ ವೀಡಿಯೊದಲ್ಲಿ ದಿನಾ ಮಾತಾಡಿದ್ದು ಅಜ್ಜಿಯೇ. ಅವರಿಬ್ಬರಿಗೂ ಒಂದೇ ಭಾಷೆ ಬರುತ್ತಿರಲಿಲ್ಲ. ಆದರೂ ಅವನು ಊಟ ಮಾಡಿದನೋ ಇಲ್ಲವೋ ಅಂತ ಅವರಿಗೆ ದಿನಾ ಗೊತ್ತಾಗುತ್ತಿತ್ತು.

ಹೇಳುವ ಕಾಲವನ್ನೂ ನೋಡಿ. ಕೊನೆಗೊಯ್ಲಿನ ನಡುವೆ, ಅಡಿಕೆ ಬೇಯಿಸುವ ಗಡಿಬಿಡಿಯಲ್ಲಿ, ಇನ್ನೊಬ್ಬ ಮಗಳ ಮದುವೆ ಮಾತುಕತೆ ನಡೆಯುತ್ತಿರುವಾಗ ಹೇಳಬೇಡಿ. ಮಳೆಗಾಲದ ಮಧ್ಯಾಹ್ನ ಒಳ್ಳೆಯ ಹೊತ್ತು. ಎಲ್ಲರೂ ಮನೆಯಲ್ಲಿರುತ್ತಾರೆ, ಯಾರಿಗೂ ಎಲ್ಲಿಗೂ ಓಡುವ ಅವಸರವಿರುವುದಿಲ್ಲ.

ಏನು ಹೇಳಬೇಕು? "ನಾನು ಒಬ್ಬರನ್ನು ಇಷ್ಟಪಟ್ಟಿದ್ದೇನೆ" ಅಂತ ನಿಲ್ಲಿಸಿದರೆ ಮನೆಯವರ ತಲೆಯಲ್ಲಿ ಭಯ ಮಾತ್ರ ಉಳಿಯುತ್ತದೆ. ಮೊದಲ ಹೆಜ್ಜೆಯ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ. "ಆಯಿ, ಅವನ ಕೆಲಸ ಇದು, ಮನೆಯವರು ಇವರು. ಮದುವೆಯಾದ ಮೇಲೆ ಮೊದಲ ಎರಡು ವರ್ಷ ಇಲ್ಲೇ ಇರುತ್ತೇವೆ. ನಿನ್ನನ್ನು ನೋಡಿಕೊಳ್ಳುವ ಬಗ್ಗೆ ಹೀಗೆ ಯೋಚನೆ ಮಾಡಿದ್ದೇವೆ." ಹೆತ್ತವರು ಕೇಳುವ ಜಾತಿ, ಧರ್ಮದ ಪ್ರಶ್ನೆಯ ಹಿಂದೆ ಎಷ್ಟೋ ಸಲ ಇನ್ನೊಂದು ಪ್ರಶ್ನೆ ಇರುತ್ತದೆ: ನಮ್ಮ ಕೊನೆಗಾಲದಲ್ಲಿ ನೀನು ಇರ್ತೀಯಾ? ಅದಕ್ಕೆ ಉತ್ತರ ಕೊಟ್ಟರೆ ಅರ್ಧ ಬಿಗಿ ಸಡಿಲವಾಗುತ್ತದೆ.

ಒಪ್ಪದೇ ಹೋದರೆ? ಸಮಯ ಕೊಡಿ. ಆದರೆ ಬೆದರಿಕೆ, ಕೂಡಿಹಾಕುವುದು, ಫೋನ್ ಕಿತ್ತುಕೊಳ್ಳುವುದು ಶುರುವಾದರೆ ಅದು ಮನೆಯ ಬೇಸರದ ಗಡಿ ದಾಟಿತು. 112ಕ್ಕೆ ಕರೆ ಮಾಡಿ. ವಯಸ್ಸಿಗೆ ಬಂದ ಇಬ್ಬರು ಒಪ್ಪಿದ ಮೇಲೆ ಮನೆಯವರ, ಸಮುದಾಯದ ಒಪ್ಪಿಗೆ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿದೆ. ಲಕ್ಷ್ಮೀಬಾಯಿ ಚಂದರಗಿ ಪ್ರಕರಣ ಅಂತ ಹೇಳಿದರೆ ವಕೀಲರಿಗೆ ಗೊತ್ತಾಗುತ್ತದೆ. ಇಂಥ ಜೋಡಿಗಳಿಗೆ ರಕ್ಷಣೆ ಕೊಡುವ ವ್ಯವಸ್ಥೆ ಮಾಡಬೇಕು ಅಂತ 2018ರ ಶಕ್ತಿ ವಾಹಿನಿ ತೀರ್ಪು ರಾಜ್ಯಗಳಿಗೆ ಹೇಳಿದೆ.

ಆರನೆಯ ಹೆಜ್ಜೆ: ಅವರು ಊರಿಗೆ ಬಂದಾಗ

ಹೊರದೇಶದವರು ಯಾರ ಮನೆಯಲ್ಲಿ ಉಳಿದರೂ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ನಮೂನೆ (ಮೊದಲು ಫಾರ್ಮ್ ಸಿ ಅನ್ನುತ್ತಿದ್ದದ್ದು) ತುಂಬಬೇಕು. ಲಾಡ್ಜು, ಹೋಮ್‌ಸ್ಟೇಗಳಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ನಿಮ್ಮ ಮನೆಯಲ್ಲಿ ಉಳಿದರೆ ನೀವೇ ತುಂಬಬೇಕು. ಆನ್‌ಲೈನಿನಲ್ಲಿ ಆಗುತ್ತದೆ. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ನೋಡುವುದು ಕಾರವಾರದ ಎಸ್‌ಪಿ ಕಚೇರಿ. ಹಳೆಯ ವಿದೇಶಿಯರ ಕಾಯ್ದೆಗಳನ್ನು ತೆಗೆದು 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ವೀಸಾ ಮುಗಿದ ಮೇಲೂ ಉಳಿಯುವುದನ್ನು ಹಗುರವಾಗಿ ತೆಗೆದುಕೊಳ್ಳಲೇಬೇಡಿ. ಒಂದು ಸಲ ಹಾಗಾದರೆ ಮುಂದಿನ ಪ್ರತಿಯೊಂದು ಅರ್ಜಿಯಲ್ಲೂ ಅದು ಎದುರಿಗೆ ಬರುತ್ತದೆ.

ನೌಕಾನೆಲೆಯಿರುವ ಅರ್ಗಾ, ಬಿಣಗಾ ಕಡೆ ಅವರ ಕೈಯಲ್ಲಿ ಕ್ಯಾಮೆರಾ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಉಳಿಯಲು ವಿದೇಶಿಯರಿಗೆ ಸಂರಕ್ಷಿತ ಪ್ರದೇಶದ ಪರವಾನಗಿ ಮೊದಲೇ ಬೇಕು.

ಇನ್ನು ಮನೆಯೊಳಗಿನ ವಿಷಯ. ದೇವರ ಕೋಣೆಗೆ ಯಾರು ಹೋಗಬಹುದು, ಮಡಿ ಅಂದರೆ ಏನು, ಪಂಕ್ತಿಯಲ್ಲಿ ಕೂತರೆ ನಡುವೆ ಏಳಬಾರದು, ಎಡಗೈಯಲ್ಲಿ ಬಡಿಸಿಕೊಳ್ಳಬಾರದು ಅನ್ನುವುದನ್ನು ಮೊದಲೇ ಹೇಳಿ. ಬಂದಾಗ ಎಲ್ಲರೆದುರು ತಿದ್ದಿದರೆ ಅವಮಾನ. ಮನೆಯವರಿಗೂ ಅವರ ರೀತಿ ಹೇಳಿ. ರಷ್ಯಾದವರಿಗೆ ಹೂ ಕೊಡುವಾಗ ಒಂದು, ಮೂರು, ಐದು ಹೀಗೆ ಬೆಸ ಸಂಖ್ಯೆ ಇರಬೇಕು, ಸಮಸಂಖ್ಯೆ ಸಾವಿನ ಮನೆಗೆ. ಹಿರಿಯರನ್ನು ಬರೀ ಹೆಸರಿಂದ ಕರೆಯುವುದಿಲ್ಲ, ಅವರ ತಂದೆಯ ಹೆಸರನ್ನೂ ಸೇರಿಸಿ ಕರೆಯುತ್ತಾರೆ. ಮಾವನನ್ನು ಸರಿಯಾಗಿ ಕರೆಯಲು ನೀವು ಕಲಿತರೆ ಅಲ್ಲಿ ಒಂದು ಬಾಗಿಲು ತೆರೆದ ಹಾಗೆ.

ಮೊದಲ ಭೇಟಿಯಲ್ಲಿ ಹಬ್ಬ, ಜಾತ್ರೆ ಇಟ್ಟುಕೊಳ್ಳಬೇಡಿ. ಶಿರಸಿ ಮಾರಿಕಾಂಬಾ ಜಾತ್ರೆ ನೋಡಲು ಚೆಂದ, ಆದರೆ ಆ ಗದ್ದಲದಲ್ಲಿ ಮನೆಯವರ ಜೊತೆ ಎರಡು ಮಾತಾಡಲೂ ಆಗುವುದಿಲ್ಲ. ಮನೆಯಲ್ಲಿ ಮಾಮೂಲಿ ದಿನ ಇರುವಾಗ ಬರಲಿ. ತಂಬುಳಿ ಅನ್ನ ತಿನ್ನಲಿ. ಕಾರವಾರದ ಮನೆಯಾದರೆ ಮೀನಿನ ಮುಳ್ಳು ತೆಗೆಯುವುದು ಕಲಿಯಲಿ. ಅಂಗಳದಲ್ಲಿ ಕೂತು ಅಡಿಕೆ ಸುಲಿಯಲು ಪ್ರಯತ್ನಪಟ್ಟವರನ್ನು ನಮ್ಮವರು ಬೇಗ ಹತ್ತಿರ ಮಾಡಿಕೊಳ್ಳುತ್ತಾರೆ.

ನೀವೂ ಅಲ್ಲಿಗೆ ಹೋಗಬೇಕು. ಅವರ ಮನೆ ನೋಡದೆ ಮದುವೆಯ ತಾರೀಖು ಹಾಕಬೇಡಿ. ರಷ್ಯಾ 2023ರ ಆಗಸ್ಟಿನಿಂದ ಭಾರತೀಯರಿಗೆ ಇ-ವೀಸಾ ಕೊಡುತ್ತಿದೆ. ಹಣದ ಬಗ್ಗೆ ಒಂದು ಮಾತು: 2022ರ ಮಾರ್ಚಿನಿಂದ ರಷ್ಯಾದ ಬ್ಯಾಂಕುಗಳ ವೀಸಾ ಕಾರ್ಡ್, ಮಾಸ್ಟರ್‌ಕಾರ್ಡ್‌ಗಳು ಹೊರದೇಶದಲ್ಲಿ ನಡೆಯುವುದಿಲ್ಲ, ನಮ್ಮವು ಅಲ್ಲಿ ನಡೆಯುವುದಿಲ್ಲ. ಖರ್ಚಿಗೆ ನಗದು ಎಷ್ಟು ಬೇಕು ಅಂತ ಮೊದಲೇ ಲೆಕ್ಕ ಹಾಕಿ.

ಏಳನೆಯ ಹೆಜ್ಜೆ: ಮದುವೆಯ ಕಾಗದ

ಇಲ್ಲಿ ನಿಧಾನವಾಗಿ ಓದಿ. ಹೆಚ್ಚು ಜನ ಎಡವುವುದು ಇಲ್ಲೇ.

ದೇವಸ್ಥಾನದಲ್ಲಿ ಹಾರ ಹಾಕಿಕೊಂಡರೆ, ಬೀಚಿನಲ್ಲಿ ಪುರೋಹಿತರನ್ನು ಕರೆಸಿ ತಾಳಿ ಕಟ್ಟಿದರೆ ಮದುವೆ ಆಯಿತು ಅಂತ ತಿಳಿಯಬೇಡಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಹಿಂದೂಗಳಾಗಿರಬೇಕು. ಒಬ್ಬರು ಬೇರೆ ಧರ್ಮದವರಾದರೆ ಆ ಶಾಸ್ತ್ರಕ್ಕೆ ಕಾನೂನಿನ ಬಲವಿಲ್ಲ. ನಿಮಗೆ ಬೇಕಾದದ್ದು 1954ರ ವಿಶೇಷ ವಿವಾಹ ಕಾಯ್ದೆ. ಇದರಲ್ಲಿ ಯಾರೂ ಮತಾಂತರವಾಗಬೇಕಿಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಿಗೂ ಬದುಕಿರುವ ಬೇರೆ ಗಂಡನೋ ಹೆಂಡತಿಯೋ ಇರಬಾರದು.

ಕ್ರಮ ಹೀಗಿದೆ. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನದಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ಇಬ್ಬರೂ ಲಿಖಿತ ನೋಟಿಸ್ ಕೊಡಬೇಕು. ಅದಕ್ಕಾಗಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ವಿಚಾರಿಸಿ. ನೋಟಿಸನ್ನು ಕಚೇರಿಯಲ್ಲಿ ಎದ್ದು ಕಾಣುವ ಕಡೆ ಹಾಕುತ್ತಾರೆ. 30 ದಿನದೊಳಗೆ ಯಾರಾದರೂ ಆಕ್ಷೇಪ ಸಲ್ಲಿಸಬಹುದು. ಆದರೆ "ನಮ್ಮ ಜಾತಿಯಲ್ಲ, ನಮ್ಮ ದೇಶದವರಲ್ಲ" ಅನ್ನುವುದು ಆಕ್ಷೇಪವಾಗುವುದಿಲ್ಲ. ವಯಸ್ಸು, ಹಿಂದಿನ ಮದುವೆ, ಮದುವೆಗೆ ಕಾನೂನು ನಿಷೇಧಿಸಿರುವ ಹತ್ತಿರದ ಸಂಬಂಧ ಇಂಥ ಕಾನೂನಿನ ಕಾರಣ ಬೇಕು. 30 ದಿನ ಕಳೆದ ಮೇಲೆ ಮೂವರು ಸಾಕ್ಷಿಗಳ ಎದುರು ಮದುವೆ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಆಗದಿದ್ದರೆ ಮತ್ತೆ ಮೊದಲಿಂದ ಶುರು. ಅಧಿಕಾರಿಯ ಎದುರು "ನಿನ್ನನ್ನು ನನ್ನ ಧರ್ಮಪತ್ನಿಯಾಗಿ, ಪತಿಯಾಗಿ ಸ್ವೀಕರಿಸುತ್ತೇನೆ" ಅನ್ನುವ ಅರ್ಥದ ಮಾತನ್ನು ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು. ಕನ್ನಡ ಕಲಿತು ಕನ್ನಡದಲ್ಲೇ ಹೇಳಿದವರನ್ನು ನೋಡಿದಾಗ ನನಗೆ ಆಗುವ ಸಂತೋಷ ಹೇಳಲಾಗದು.

ಈ ಲೆಕ್ಕದಿಂದ ಎರಡು ವಿಷಯ ಗೊತ್ತಾಗುತ್ತವೆ. ಒಂದು, 30 ದಿನದ ಇ-ವೀಸಾದಲ್ಲಿ ಬಂದು ಮದುವೆ ಮುಗಿಸಿಕೊಂಡು ಹೋಗುತ್ತೇವೆ ಅಂದರೆ ಸಮಯ ಸಾಲುವುದಿಲ್ಲ. ಇನ್ನೊಂದು, ನೋಟಿಸ್ ಗೋಡೆಯ ಮೇಲೆ ಇರುವುದರಿಂದ ಮನೆಯವರಿಗೆ ಅದಕ್ಕೆ ಮೊದಲೇ ಹೇಳಿರಬೇಕು. ನಮ್ಮಂಥ ಸಣ್ಣ ಊರುಗಳಲ್ಲಿ ಆ ಗೋಡೆಯನ್ನು ಓದುವವರು ಇದ್ದೇ ಇರುತ್ತಾರೆ.

ಹೊರದೇಶದವರು ಪಾಸ್‌ಪೋರ್ಟು, ವೀಸಾ, ಜನನ ಪ್ರಮಾಣಪತ್ರ, ತಾನು ಅವಿವಾಹಿತ ಅನ್ನುವ ಪತ್ರ ತರಬೇಕು. ಅವಿವಾಹಿತ ಪತ್ರವನ್ನು ಆಯಾ ದೇಶದ ರಾಯಭಾರ ಕಚೇರಿಯೋ ಅಲ್ಲಿನ ನೋಂದಣಿ ಕಚೇರಿಯೋ ಕೊಡುತ್ತದೆ. ರಷ್ಯಾದಲ್ಲಿ ಆ ಕಚೇರಿಗೆ ಝಾಗ್ಸ್ ಅನ್ನುತ್ತಾರೆ. ವಿಚ್ಛೇದನ ಆಗಿದ್ದರೆ ಅದರ ಆದೇಶವೂ ಬೇಕು. ಅಲ್ಲಿಂದಲೇ ಅಪೋಸ್ಟಿಲ್ ಮುದ್ರೆ (ಕಾಗದ ಅಸಲಿ ಅಂತ ಹೊರದೇಶಕ್ಕಾಗಿ ಸರ್ಕಾರ ಹಾಕುವ ದೃಢೀಕರಣ) ಹಾಕಿಸಿ, ಇಂಗ್ಲಿಷ್ ಅನುವಾದ ಮಾಡಿಸಿ ತರಲಿ. ನಮ್ಮ ಕಾಗದ ಅಲ್ಲಿಗೆ ಹೋಗುವುದಾದರೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್. ಭಾರತ 2005ರಿಂದ ಈ ವ್ಯವಸ್ಥೆಯಲ್ಲಿದೆ.

ನಮ್ಮವರ ದೊಡ್ಡ ತಲೆನೋವು ಹೆಸರಿನದು. ಶಾಲೆಯ ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ "ಹೆಗಡೆ"ಯ ಇಂಗ್ಲಿಷ್ ಅಕ್ಷರ ಬೇರೆ. ನೋಟಿಸ್ ಕೊಡುವ ಆರು ತಿಂಗಳ ಮುಂಚೆ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಅಕ್ಷರ ಅಕ್ಷರ ಹೋಲಿಸಿ, ತಿದ್ದಿಸಿ.

ತೋಟವಿರುವವರಿಗೆ ಒಂದು ಮುಖ್ಯ ವಿಷಯ. ಅವಿಭಕ್ತ ಕುಟುಂಬದ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರೊಬ್ಬರು ಈ ನಾಲ್ಕೂ ಧರ್ಮಗಳಿಂದ ಹೊರಗಿನವರನ್ನು ಈ ಕಾಯ್ದೆಯಡಿ ಮದುವೆಯಾದರೆ, 19ನೇ ಕಲಮಿನ ಪ್ರಕಾರ ಅವರು ಆ ಕುಟುಂಬದಿಂದ ಬೇರೆಯಾದಂತೆ. ಇದನ್ನು ಕೇಳಿ "ಪಾಲು ಹೋಯಿತು" ಅಂತ ಹೆದರಿಸುವವರಿದ್ದಾರೆ. ಪಾಲು ಹೋಗುವುದಿಲ್ಲ. ಕುಟುಂಬ ಒಟ್ಟಾಗಿರುವುದು ಆ ವ್ಯಕ್ತಿಯ ಮಟ್ಟಿಗೆ ಮುಗಿಯುತ್ತದೆ, ಅಷ್ಟೇ. ಆಮೇಲೆ ಅವರ ಆಸ್ತಿಯ ಉತ್ತರಾಧಿಕಾರಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬರುತ್ತದೆ. ಮದುವೆಗೆ ಮೊದಲೇ ವಕೀಲರ ಹತ್ತಿರ ಕೂತು, ಅಪ್ಪ ಮತ್ತು ಅಣ್ಣತಮ್ಮಂದಿರ ಎದುರಿಗೇ ಇದನ್ನು ಬಿಡಿಸಿ ಹೇಳಿಸಿ. ಆಮೇಲಿನ ಎಷ್ಟೋ ವ್ಯಾಜ್ಯ ತಪ್ಪುತ್ತದೆ. ಇಬ್ಬರೂ ಈ ನಾಲ್ಕು ಧರ್ಮದೊಳಗಿನವರಾದರೆ ಈ ಕಲಮು ಅನ್ವಯಿಸುವುದಿಲ್ಲ. ಮುಂಡಗೋಡಿನ ಬೌದ್ಧ ಹುಡುಗಿಯನ್ನು ಮದುವೆಯಾಗುವ ಶಿರಸಿಯ ಹಿಂದೂ ಹುಡುಗ ಈ ಚಿಂತೆ ಬಿಡಬಹುದು.

ಮದುವೆ ಹೊರದೇಶದಲ್ಲೇ ಆಗುವುದಾದರೆ 1969ರ ವಿದೇಶಿ ವಿವಾಹ ಕಾಯ್ದೆಯಡಿ ಭಾರತದ ರಾಯಭಾರ ಕಚೇರಿಯಲ್ಲಿ ಮಾಡಿಕೊಳ್ಳಲು ದಾರಿಯಿದೆ. ಒಬ್ಬರಾದರೂ ಭಾರತೀಯರಾಗಿರಬೇಕು.

ಎಂಟನೆಯ ಹೆಜ್ಜೆ: ಮದುವೆಯ ನಂತರ ಉಳಿಯುವ ಹಕ್ಕು

ಮದುವೆಯಾದ ಕೂಡಲೇ ಪೌರತ್ವ ಸಿಗುವುದಿಲ್ಲ. ಸಂಗಾತಿಗೆ ಮೊದಲು ಸಿಗುವುದು ಎಂಟ್ರಿ ವೀಸಾ, ಅಂದರೆ ಎಕ್ಸ್ ವೀಸಾ. ಇದರಲ್ಲಿ ಉಳಿಯಬಹುದು, ಆದರೆ ಕೆಲಸಕ್ಕೆ ಸೇರುವಂತಿಲ್ಲ. ಮನೆ ಖರ್ಚಿನ ಲೆಕ್ಕವನ್ನು ಒಬ್ಬರ ಸಂಬಳದ ಮೇಲೆ ಹಾಕಿ. ಅರ್ಜಿಗಳು ವಿದೇಶಿಯರ ನೋಂದಣಿಗಿರುವ ಸರ್ಕಾರದ ಇ-ಎಫ್ಆರ್‌ಆರ್‌ಒ ಜಾಲತಾಣದಲ್ಲಿ ಆಗುತ್ತವೆ. ಮದುವೆ ನೋಂದಣಿಯಾಗಿ ಎರಡು ವರ್ಷ ಒಟ್ಟಾಗಿ ಮುಂದುವರಿದಿದ್ದರೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಅದು ಬಂದ ಮೇಲೆ ಕೆಲಸ ಮಾಡಬಹುದು. ಮತ ಹಾಕುವಂತಿಲ್ಲ. ಕೃಷಿ ಜಮೀನು, ತೋಟ ಖರೀದಿಸುವಂತಿಲ್ಲ. ಆದ್ದರಿಂದ "ಅವಳ ಹೆಸರಿನಲ್ಲಿ ಎರಡು ಎಕರೆ ತಗೊಳ್ಳೋಣ" ಅನ್ನುವ ಯೋಚನೆ ಇದ್ದರೆ ಬಿಟ್ಟುಬಿಡಿ. ಪೌರತ್ವವೇ ಬೇಕಾದರೆ ಭಾರತದಲ್ಲಿ ಏಳು ವರ್ಷ ವಾಸವಿದ್ದ ಮೇಲೆ ನೋಂದಣಿಗೆ ಅರ್ಜಿ. ಆಗ ತನ್ನ ಹಳೆಯ ಪೌರತ್ವವನ್ನು ಅವರು ಬಿಡಬೇಕು. ಇದು ಅವರ ಹೃದಯಕ್ಕೆ ಸಂಬಂಧಿಸಿದ ತೀರ್ಮಾನ. ನೀವು ಒತ್ತಾಯ ಮಾಡಬೇಡಿ.

ಪಾಕಿಸ್ತಾನದ ಪೌರರಿಗೆ, ಅಥವಾ ತಂದೆತಾಯಿ, ಅಜ್ಜ ಮುತ್ತಜ್ಜಂದಿರಲ್ಲಿ ಯಾರಾದರೂ ಪಾಕಿಸ್ತಾನ, ಬಾಂಗ್ಲಾದೇಶದ ಪೌರರಾಗಿದ್ದವರಿಗೆ ಒಸಿಐ ಸಿಗುವುದಿಲ್ಲ. ಭಟ್ಕಳದಲ್ಲಿ ಕರಾಚಿಯಿಂದ ಸೊಸೆಯಾಗಿ ಬಂದವರಿರುವ ಮನೆಗಳಿವೆ. ಅವರು ಇರುವುದು ದೀರ್ಘಾವಧಿ ವೀಸಾದಲ್ಲಿ. 2025ರ ಏಪ್ರಿಲಿನಲ್ಲಿ ಸರ್ಕಾರ ಪಾಕಿಸ್ತಾನಿಗಳ ವೀಸಾ ರದ್ದು ಮಾಡಿ ಅಟ್ಟಾರಿ ಗಡಿ ಮುಚ್ಚಿದಾಗ ದೀರ್ಘಾವಧಿ ವೀಸಾದವರನ್ನು ಅದರಿಂದ ಹೊರಗಿಟ್ಟಿತು. ನವೀಕರಣದ ತಾರೀಖು ತಪ್ಪಿಸದೆ ಇದ್ದವರು ಆ ದಿನಗಳಲ್ಲಿ ಸ್ವಲ್ಪವಾದರೂ ಉಸಿರಾಡಿದರು. ಈಗ ಹೊಸದಾಗಿ ಇಂಥ ಸಂಬಂಧ ಬೆಳೆಸುವವರಿಗೆ ನಾನು ಸುಳ್ಳು ಧೈರ್ಯ ಹೇಳಲಾರೆ. ಮೂರನೆಯ ದೇಶದಲ್ಲಿ, ಉದಾಹರಣೆಗೆ ದುಬೈಯಲ್ಲಿ ಬದುಕುವ ದಾರಿಯನ್ನೇ ಮೊದಲು ನೋಡಿ.

ಟಿಬೆಟಿನವರ ಕತೆ ಬೇರೆ. ಮುಂಡಗೋಡಿನ ಕ್ಯಾಂಪು 1966ರದು. ಅಲ್ಲಿನವರು ನಿರಾಶ್ರಿತರ ನೋಂದಣಿ ಪತ್ರ ಇಟ್ಟುಕೊಂಡಿರುತ್ತಾರೆ. ಆದರೆ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಟಿಬೆಟಿನವರಿಗೂ ಇದು ಅನ್ವಯ ಅಂತ ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿದೆ. ನಿಮ್ಮ ಸಂಗಾತಿಯ ಹುಟ್ಟಿದ ವರ್ಷ, ಅವರ ತಂದೆತಾಯಿ ಹುಟ್ಟಿದ ವರ್ಷ ಮತ್ತು ಊರು ಮೊದಲು ನೋಡಿ.

ನೀವು ಕೇಂದ್ರ ಸರ್ಕಾರದ ನೌಕರರಾಗಿದ್ದರೆ ವಿದೇಶಿಯರನ್ನು ಮದುವೆಯಾದ ಕೂಡಲೇ ಇಲಾಖೆಗೆ ತಿಳಿಸಬೇಕು. ನೌಕಾದಳದಲ್ಲಿದ್ದರೆ ಮದುವೆಗೆ ಮೊದಲೇ ಅನುಮತಿ ಬೇಕು. ಗುಟ್ಟಾಗಿ ಮಾಡಿಕೊಂಡು ಆಮೇಲೆ ಸರಿಮಾಡುತ್ತೇನೆ ಅನ್ನಬೇಡಿ.

ಒಂಬತ್ತನೆಯ ಹೆಜ್ಜೆ: ಮಗುವಿನ ಕಾಗದ

ಮಗು ಭಾರತದಲ್ಲಿ ಹುಟ್ಟಿದರೆ, ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಲ್ಲದಿದ್ದರೆ ಮಗು ಭಾರತೀಯ. ವೀಸಾ ಮುಗಿದ ಮೇಲೂ ಉಳಿದವರು ಕಾನೂನಿನ ಲೆಕ್ಕದಲ್ಲಿ ಅಕ್ರಮ ವಲಸಿಗರೇ. ಹಾಗಾಗಿ ಹೆರಿಗೆಯ ತಾರೀಖು ಗೊತ್ತಾದ ದಿನವೇ ಸಂಗಾತಿಯ ವೀಸಾ ತಾರೀಖು ನೋಡಿ, ನವೀಕರಣಕ್ಕೆ ಹಾಕಿ. ಮಗು ಹೊರದೇಶದಲ್ಲಿ ಹುಟ್ಟಿದರೆ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಆಗ ಮಗುವಿಗೆ ಇನ್ನೊಂದು ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಬರೆದುಕೊಡಬೇಕಾಗುತ್ತದೆ. ಎರಡರಲ್ಲಿ ಯಾವುದು ಅನ್ನುವುದನ್ನು ಬಸುರಿಯಾಗಿರುವಾಗಲೇ ಇಬ್ಬರೂ ಕೂತು ನಿರ್ಧರಿಸಿ, ಆಸ್ಪತ್ರೆಯ ಜನನ ದಾಖಲೆಯಲ್ಲಿ ತಂದೆತಾಯಿಯ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಬರೆಸಿ.